ನಾಲ್ಕನೇ ಕ್ಲಾಸಿನ ಆರು ಕಿಟಕಿಗಳು

ಅತ್ಯಂತ ಗಂಭೀರವಾದ ಸಂಗತಿಯೊಂದನ್ನು ಓದುಗರ ಗಮನಕ್ಕೆ ತರಬೇಕಾಗಿದೆ. ನಮ್ಮ ಶಾಲೆಯ ನಾಲ್ಕನೇ ಕ್ಲಾಸಿನ ಕೋಣೆಗೆ ಆರು ಕಿಟಕಿಗಳಿದ್ದವು. ಆರೂ ತೆರೆಯುತ್ತಿರಲಿಲ್ಲ. ಈ ವಿಷಯವಾಗಿ ಶಾಲಾ ಮಂಡಳಿ ಎರಡು ಸಲ ಸಭೆ ಸೇರಿತು. ಒಂದು ಉಪಸಮಿತಿ ಮಾಡಿತು. ಉಪಸಮಿತಿಯವರು ಸ್ಥಳಕ್ಕೇ ಹೋಗಿ, ಕಿಟಕಿಗಳನ್ನು ಒಂದೊಂದಾಗಿ ತಳ್ಳಿ ನೋಡಿ, ‘ತೆರೆಯುವುದಿಲ್ಲ’ ಎಂದು ಬರೆದು ಮೂವರೂ ಸಹಿ ಹಾಕಿದರು. ತೆರೆಯದೇ ಇರುವುದನ್ನು ಕಿಟಕಿ ಅನ್ನಬಹುದೋ, ಗಾಜು ಹಾಕಿದ ಗೋಡೆ ಅನ್ನಬೇಕೋ ಎಂದು ಒಬ್ಬ ಸದಸ್ಯರು ಕೇಳಿದರಂತೆ. ಅದಕ್ಕೆ ಅರ್ಧ ಗಂಟೆ ಹೋಯಿತು.

ವಿಷಯ ಮಾತ್ರ ನಗುವಂಥದ್ದಲ್ಲ. ರೋಗ ಬಂದು ಶಾಲೆಗೆ ಬೀಗ ಬಿದ್ದು ವರ್ಷ ದಾಟಿತ್ತು. ಪಾಠವೆಲ್ಲ ಫೋನಿನಲ್ಲಿ. ರೋಗ ಸ್ವಲ್ಪ ಇಳಿದ ಮೇಲೆ, ಬರುವವರು ಬರಲಿ ಎಂದು ವಾರಕ್ಕೆ ಎರಡು ದಿನ ಶಾಲೆಯ ಅಂಗಳದಲ್ಲಿ ಕ್ಲಾಸು ಶುರು ಮಾಡಿದ್ದರು. ಈಗ ಮಂಡಳಿ ವಾರಕ್ಕೆ ನಾಲ್ಕು ದಿನ, ಕೋಣೆಯೊಳಗೇ ಪಾಠ ನಡೆಸುವ ಯೋಚನೆಯಲ್ಲಿತ್ತು. ಅದಕ್ಕೆ ಕೋಣೆಯಲ್ಲಿ ಎರಡೂ ಕಡೆಯಿಂದ ಗಾಳಿ ಆಡಬೇಕು. ಜೊತೆಗೆ ಮನೆಯವರು ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಬೇಕು. ಗಾಳಿಯಾಡದ ಕೋಣೆಯ ಮಕ್ಕಳಿಗೆ ಮುಂದಿನ ವರ್ಷದ ತನಕ ಫೋನೇ ಗತಿ.

ನಾಲ್ಕನೇ ಕ್ಲಾಸಿನಲ್ಲಿ ಇಪ್ಪತ್ತೆಂಟು ಮಕ್ಕಳು. ಅವರಲ್ಲಿ ಒಬ್ಬಳು ನಮ್ಮ ಬೀದಿಯ ಬಡಗಿ ತಾತನ ಮೊಮ್ಮಗಳು. ಅವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ರೇಡಿಯೋ ಎಂದು. ಬೆಳಿಗ್ಗೆ ಎದ್ದಾಗ ಶುರುವಾದರೆ ಮಲಗಿದ ಮೇಲೂ ಸ್ವಲ್ಪ ಹೊತ್ತು ಮಾತು ನಡೆಯುತ್ತಿತ್ತು. ಎದುರು ಮನೆಯವರು ಗಡಿಯಾರ ನೋಡದೆ, ಅವಳ ಮಾತು ದೂರವಾಗುವುದನ್ನು ಕೇಳಿ, ಶಾಲೆಗೆ ಹೊತ್ತಾಯಿತು ಎಂದು ತಿಳಿಯುತ್ತಿದ್ದರು.

ಆ ರೇಡಿಯೋ ಈ ವರ್ಷದಲ್ಲಿ ಮೆಲ್ಲಗೆ ನಿಂತುಹೋಯಿತು. ಮೊದಲು ಫೋನ್ ಕ್ಲಾಸಿನಲ್ಲಿ ಕೈ ಎತ್ತುವುದನ್ನು ಬಿಟ್ಟಳು. ಆಮೇಲೆ ಮುಖ ಕಾಣಿಸುವುದನ್ನು ಬಿಟ್ಟಳು. ಕೇಳಿದ್ದಕ್ಕೆ ಹೂಂ, ಉಹೂಂ. ಅಂಗಳದ ಕ್ಲಾಸಿಗೂ ಅವಳನ್ನು ಕಳಿಸದ ತಾತನ ಕಣ್ಣಿಗೆ ಮಗು ಜಾಣೆಯಾಗಿ ಕಂಡಳು. ಹಟವಿಲ್ಲ, ಗಲಾಟೆಯಿಲ್ಲ. ಅವರ ಮಗಳಿಗೆ, ಅಂದರೆ ರೇಡಿಯೋಳ ಅಮ್ಮನಿಗೆ, ಹಾಗೆ ಕಾಣಲಿಲ್ಲ. ಆಕೆ ಬಸ್ ಕಂಡಕ್ಟರ್. ದಿನವೆಲ್ಲ ಜನರ ಮಧ್ಯೆ ನಿಂತು ಗಂಟಲು ಹರಿದುಕೊಂಡು ಮನೆಗೆ ಬಂದರೆ, ಈ ಮನೆಯಲ್ಲಿ ಬಾಗಿಲ ಕೀಲಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಗಂಡ ಲಾರಿ ಜೊತೆ ಊರೂರು ತಿರುಗುವವನು. ಹಗಲೆಲ್ಲ ಮನೆಯಲ್ಲಿ ಇರುವುದು ತಾತ ಮತ್ತು ಮೊಮ್ಮಗಳು, ಒಂದು ಕೋಣೆಯಲ್ಲಿ ಒಬ್ಬರಂತೆ.

ಚೀಟಿ ಬಂದ ದಿನವೇ ಮಗಳು ಸಹಿ ಹಾಕಲು ಪೆನ್ನು ತೆಗೆದಳು. ತಾತ ಪೆನ್ನು ಇಸಿದುಕೊಂಡು ಕಿವಿಗೆ ಸಿಕ್ಕಿಸಿಕೊಂಡರು. ನಲವತ್ತು ವರ್ಷ ಪೆನ್ಸಿಲ್ ಇಟ್ಟುಕೊಂಡ ಕಿವಿ ಅದು, ಅಲ್ಲಿಂದ ಯಾರೂ ಏನನ್ನೂ ವಾಪಸ್ ಪಡೆದದ್ದಿಲ್ಲ. ಆ ಕೋಣೆಯಲ್ಲಿ ಗಾಳಿಯೇ ಇಲ್ಲ, ಮಂಡಳಿಯವರೇ ಬರೆದುಕೊಟ್ಟಿದ್ದಾರೆ, ಇನ್ನೇನು ಮಾತು ಎಂದರು. ಮಗಳು ಚೀಟಿಯನ್ನು ಮಡಿಚಿ ಎತ್ತಿಟ್ಟಳು. ಅಪ್ಪ ಗಾಳಿಯ ಮಾತು ಆಡುತ್ತಿದ್ದರೂ ಯೋಚನೆ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಹೋದ ವರ್ಷ ಅಜ್ಜಿ ಕೆಮ್ಮುತ್ತಾ ಆಸ್ಪತ್ರೆಯ ಗಾಡಿ ಹತ್ತಿದ್ದರು. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಅಂಗಿ ಹಾಗೇ ಇತ್ತು, ಬಂದು ಮುಗಿಸುತ್ತೇನೆ ಅಂದಿದ್ದರು. ಅಂಗಿ ಈಗಲೂ ಅಲ್ಲೇ ಇದೆ.

ತಾತನ ಪಟ್ಟು ಅವರ ಮನೆಗೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ಈ ಕಥೆ ಬರೆಯಬೇಕಾಗಿರಲಿಲ್ಲ. ಶಾಲೆಯ ಬೆಂಚು, ಬಾಗಿಲು, ಬೋರ್ಡು ಎಲ್ಲ ಅವರ ಕೈಯಲ್ಲೇ ಆದದ್ದು. ಆ ಕೋಣೆಯ ಬಗ್ಗೆ ಬೀದಿಯಲ್ಲಿ ಅವರದೇ ಕೊನೆಯ ಮಾತು. ‘ಬಡಗಿ ತಾತ ಏನಂತಾರೆ ನೋಡೋಣ’ ಎಂದು ಹನ್ನೊಂದು ಮನೆಯವರು ಚೀಟಿಯನ್ನು ಕನ್ನಡಿಯ ಹಿಂದೆ, ಅಕ್ಕಿ ಡಬ್ಬಿಯ ಕೆಳಗೆ, ಹೀಗೆ ಸಿಕ್ಕಸಿಕ್ಕ ಕಡೆ ಇಟ್ಟುಕೊಂಡು ಕೂತಿದ್ದರು.

ಬುಧವಾರ ಮಧ್ಯಾಹ್ನ ನರ್ಸಮ್ಮ ಬಂದರು. ಆರೋಗ್ಯ ಕೇಂದ್ರದವರು. ತಾತನಿಗೆ ಲಸಿಕೆಯ ಎರಡೂ ಡೋಸು ಹಾಕಿದವರು ಇವರೇ. ತಿಂಗಳಿಗೊಮ್ಮೆ ಬಿಪಿ ನೋಡಲು ಬರುತ್ತಿದ್ದರು. ತೋಳಿಗೆ ಪಟ್ಟಿ ಸುತ್ತುತ್ತಾ ಚೀಟಿ ಕೊಟ್ಟಿರಾ ಎಂದು ಕೇಳಿದರು. ಕೊಟ್ಟಿಲ್ಲ, ಕೊಡುವುದೂ ಇಲ್ಲ ಎಂದರು ತಾತ.

“ಶಾಲೆಗೆ ಹೋದರೆ ರೋಗ ಬರೋದೇ ಇಲ್ಲ ಅಂತ ಬರ್ಕೊಡ್ತೀರಾ?”

“ಬರ್ಕೊಡಲ್ಲ,” ಎಂದರು ನರ್ಸಮ್ಮ. “ಹಾಗೆ ಬರ್ಕೊಡೋರು ಸಿಕ್ಕಿದ್ರೆ ಅವರ ಹತ್ರ ಔಷಧಿ ತಗೋಬೇಡಿ. ಅಪಾಯ ಪೂರ್ತಿ ಹೋಗಲ್ಲ, ಯಜಮಾನ್ರೇ. ಕಮ್ಮಿ ಮಾಡಬಹುದು. ಅಷ್ಟೇ ನನ್ನ ಕೈಲಿರೋದು.”

ಹೇಗೆ ಎಂದು ಅವರು ಕೇಳಲಿಲ್ಲ. ನರ್ಸಮ್ಮ ಹೇಳದೆ ಬಿಡಲೂ ಇಲ್ಲ. ಮಕ್ಕಳು ದೂರ ದೂರ ಕೂರುತ್ತಾರೆ. ಮಾಸ್ಕು ಮೂಗು, ಬಾಯಿ ಎರಡನ್ನೂ ಮುಚ್ಚಬೇಕು, ಗಲ್ಲಕ್ಕೆ ಹಾಕಿಕೊಂಡರೆ ಅದು ಗಲ್ಲವನ್ನಷ್ಟೇ ಕಾಯುತ್ತದೆ. ಜ್ವರ, ಕೆಮ್ಮು, ನೆಗಡಿ ಇದ್ದ ಮಗು ಮನೆಯಲ್ಲೇ ಇರಬೇಕು, ಪರೀಕ್ಷೆ ಇದ್ದರೂ ಸರಿ. ಮೇಷ್ಟ್ರುಗಳಿಗೆಲ್ಲ ಲಸಿಕೆ ಆಗಿದೆ. ಮನೆಗೆ ಬಂದ ಮಗು ಮೊದಲು ಕೈ ತೊಳೆಯಬೇಕು. ಮನೆಯ ಹಿರಿಯರೂ ಲಸಿಕೆ ಹಾಕಿಸಿಕೊಂಡಿರಬೇಕು. ಇಷ್ಟು ಮಾಡಿ, ಕೋಣೆಯಲ್ಲಿ ಗಾಳಿ ಆಡುತ್ತಿದ್ದರೆ, ಹೆದರಿಕೆ ಹಿಡಿತಕ್ಕೆ ಬರುವಷ್ಟು ಸಣ್ಣದಾಗುತ್ತದೆ ಎಂದರು.

ಗಾಳಿ ಎಂಬ ಮಾತು ಬಂದದ್ದೇ ತಾತ ಅದನ್ನು ಹಿಡಿದುಕೊಂಡರು. ಗಾಳಿ ಎಲ್ಲಿದೆ ಹೇಳಿ, ಎಂದರು. ನರ್ಸಮ್ಮ ಬಿಪಿ ಯಂತ್ರದ ಗಾಳಿಯನ್ನು ಪುಸ್ ಎಂದು ಬಿಟ್ಟು ಲೆಕ್ಕ ಬರೆದುಕೊಂಡರು.

ಆಗ ಒಳಗಿನ ಕೋಣೆಯಿಂದ ಮಾತು ಕೇಳಿಸಿತು. ಯಾರೋ ನಂಬರು ಕೂಗುತ್ತಿದ್ದರು. ಒಂದು. ಹಾಜರ್, ಮಿಸ್. ಎರಡು. ಹಾಜರ್, ಮಿಸ್. ಪ್ರತಿ ಸಲವೂ ಉತ್ತರದ ದನಿ ಬೇರೆ. ಒಂದು ದಪ್ಪ, ಒಂದು ಕೀರಲು, ಒಂದು ಮೂಗಿನಲ್ಲಿ ಆಡಿದ ಹಾಗೆ. ನರ್ಸಮ್ಮ ಹುಬ್ಬು ಏರಿಸಿದರು. ಅವಳದೇ ಆಟ, ದಿನಾ ಮಧ್ಯಾಹ್ನ ಆಡುತ್ತಾಳೆ, ಅವಳ ಅಜ್ಜಿಯ ಗುಂಡಿ ಡಬ್ಬಿ ಇಟ್ಟುಕೊಂಡು, ಎಂದರು ತಾತ. ಬಾಗಿಲು ಅರ್ಧ ತೆರೆದಿತ್ತು. ನೆಲದ ಮೇಲೆ ಅಂಗಿಯ ಗುಂಡಿಗಳು ನಾಲ್ಕು ಸಾಲಿನಲ್ಲಿ ಕೂತಿದ್ದವು. ಬಿಳಿಯವು, ಕರಿಯವು, ಕೋಟಿಗೆ ಹಾಕುವ ದೊಡ್ಡದೊಂದು ಹಿಂದಿನ ಬೆಂಚಿನಲ್ಲಿ. ರೇಡಿಯೋ ಬೆನ್ನು ಮಾಡಿ ಕೂತಿದ್ದಳು. ಕೈಯಲ್ಲಿ ಅಳತೆಯ ಟೇಪು, ಅದೇ ಬೆತ್ತ.

ಹದಿನೇಳು. ಹಾಜರ್, ಮಿಸ್. ಹದಿನೆಂಟು. ಹಾಜರ್, ಮಿಸ್.

ಹತ್ತೊಂಬತ್ತು.

ಯಾವ ದನಿಯೂ ಬರಲಿಲ್ಲ. ಇನ್ನೊಂದು ಸಲ ಕೂಗಿದಳು. ಸ್ವಲ್ಪ ಕಾದಳು. ಆಮೇಲೆ ಮಿಸ್ ದನಿಯಲ್ಲೇ, ಏನೂ ಆಗದವಳ ಹಾಗೆ, “ಹತ್ತೊಂಬತ್ತು ಬಂದಿಲ್ಲ” ಎಂದು ಹೇಳಿ ಇಪ್ಪತ್ತಕ್ಕೆ ಹೋದಳು.

ಹತ್ತೊಂಬತ್ತು ಯಾರ ನಂಬರು ಎಂದು ನರ್ಸಮ್ಮ ಕೇಳಲಿಲ್ಲ. ತಾತನ ಮುಖ ನೋಡಿದರೆ ಸಾಕಿತ್ತು, ಅದು ಮೊಮ್ಮಗಳದೇ. ಇಷ್ಟು ತಿಂಗಳು ಪಕ್ಕದ ಕೋಣೆಯಲ್ಲಿ ಕೂತು ಈ ಹಾಜರಿಯನ್ನು ಮಗುವಿನ ಆಟ ಎಂದು ಕೇಳಿದ್ದರು. ಕೊನೆಯ ತನಕ ಕಿವಿಗೊಟ್ಟದ್ದು ಇದೇ ಮೊದಲು. ತೋಳಿನ ಪಟ್ಟಿಯನ್ನು ತಾವೇ ಬಿಚ್ಚಿ ಕೊಟ್ಟರು.

“ಆ ಕಿಟಕಿಗಳು ತೆರೆಯಲ್ಲ, ನರ್ಸಮ್ಮ.”

“ಗೊತ್ತಲ್ಲ. ಉಪಸಮಿತಿ ತಳ್ಳಿ ನೋಡಿದೆ.”

“ಉಪಸಮಿತಿ ಅಲ್ಲ, ಆನೆ ತಳ್ಳಿದ್ರೂ ತೆರೆಯಲ್ಲ. ನಾನೇ ಮುಚ್ಚಿದ್ದು.”

ಏಳು ವರ್ಷದ ಹಿಂದಿನ ಮಾತು. ಶಾಲೆಯ ಪಕ್ಕದ ರಸ್ತೆ ಅಗಲ ಮಾಡುತ್ತಿದ್ದರು. ಧೂಳೋ ಧೂಳು. ಮೂರು ತಿಂಗಳ ಮಟ್ಟಿಗೆ ಕಿಟಕಿ ಭದ್ರ ಮಾಡಿ ಎಂದು ಆಗಿನ ಹೆಡ್‌ಮಾಸ್ಟರು ಹೇಳಿದ್ದರು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮೊಳೆ ಬಡಿದು ಹೋಗುತ್ತಿದ್ದರು. ಇವರು ಒಂದೊಂದು ಕಿಟಕಿಗೆ ನಾಲ್ಕು ಸ್ಕ್ರೂ ಇಳಿಸಿ, ತಲೆ ಒಳಗೆ ಹೋಗುವಂತೆ ಮಾಡಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹಚ್ಚಿದ್ದರು. ಬೆರಳಾಡಿಸಿದರೂ ಗೊತ್ತಾಗದಷ್ಟು ನಯವಾಗಿ. ರಸ್ತೆಯಾಯಿತು, ಹೆಡ್‌ಮಾಸ್ಟರಿಗೆ ವರ್ಗವಾಯಿತು, ಯಾರೂ ಕರೆಯಲಿಲ್ಲ. ಕೆಲಸ ಅಷ್ಟು ಚೆನ್ನಾಗಿ ಆಗಿದ್ದರಿಂದ ಅಲ್ಲಿ ಒಂದು ಕೆಲಸ ಆಗಿದೆ ಎಂಬುದೇ ಊರಿಗೆ ಮರೆತುಹೋಯಿತು.

ಮರೆಯದವರು ಒಬ್ಬರೇ. ಉಪಸಮಿತಿಯ ವರದಿ ಓದಿದ ದಿನವೇ ಎದ್ದು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಕಿಟಕಿ ಮುಚ್ಚಿರುವ ತನಕ ಮಗು ಮನೆಯಲ್ಲೇ ಇರುತ್ತಾಳೆ, ಕಣ್ಣಿಗೆ ಕಾಣುವ ಹಾಗೆ.

“ಒಬ್ಬಳನ್ನ ಕಳಿಸಿದೆ, ವಾಪಸ್ ಬರಲಿಲ್ಲ,” ಎಂದರು. “ಇನ್ನೊಬ್ಬಳನ್ನ ಕಳಿಸೋಕೆ ಕೈ ಬರಲಿಲ್ಲ.”

ನರ್ಸಮ್ಮ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಿಟಕಿಗೆ ನಾಲ್ಕರ ಹಾಗೆ ಒಟ್ಟು ಇಪ್ಪತ್ನಾಲ್ಕು ಸ್ಕ್ರೂ ಅಲ್ಲವೇ, ಎಷ್ಟು ಹೊತ್ತಿನ ಕೆಲಸ ಎಂದು ಕೇಳಿದರು. ಪುಟ್ಟಿ ಕೆರೆಯಬೇಕಲ್ಲ, ಒಂದು ದಿನ ಬೇಕು ಎಂದರು ತಾತ. ನಾಳೆ ಗುರುವಾರ ಇದೆಯಲ್ಲ ಎಂದರು ನರ್ಸಮ್ಮ.

ಗುರುವಾರ ಬೆಳಿಗ್ಗೆ ತಾತ ಉಪಕರಣದ ಚೀಲ ಹೆಗಲಿಗೆ ಹಾಕಿ, ಮೂಗಿನ ತನಕ ಮಾಸ್ಕು ಏರಿಸಿ ಹೊರಟರು. ರೇಡಿಯೋ ಕೂಡ ಹಿಂದೆಯೇ. ಖಾಲಿ ಕೋಣೆಯಲ್ಲಿ ಒಂದು ವರ್ಷದ ಧೂಳು. ಬೋರ್ಡಿನ ಮೂಲೆಯಲ್ಲಿ ಶಾಲೆ ಮುಚ್ಚಿದ ದಿನದ ತಾರೀಖು ಹಾಗೇ ಉಳಿದಿತ್ತು, ಅದರ ಕೆಳಗೆ ‘ಹಾಜರಿ 28’. ರೇಡಿಯೋ ಅದನ್ನು ನೋಡಿದಳು. ಅಳಿಸಲಿಲ್ಲ. ಮೂರನೇ ಕ್ಲಾಸಿನಲ್ಲೂ ಅವರಿಗೆ ಇದೇ ಕೋಣೆಯಿತ್ತು. ಹೋಗಿ ತನ್ನ ಜಾಗದಲ್ಲಿ ಕೂತಳು, ಇಪ್ಪತ್ತೇಳು ಖಾಲಿ ಜಾಗಗಳ ಮಧ್ಯೆ.

ತಮ್ಮದೇ ಸ್ಕ್ರೂಗಳನ್ನು ಹುಡುಕಲು ತಾತನಿಗೆ ಕಾಲು ಗಂಟೆ ಬೇಕಾಯಿತು. ಇಂಥ ಕೆಲಸ ಮಾಡಿದವನ ಕೈ ಮುರಿಯ ಎಂದು ಬೈದುಕೊಂಡೇ ಕೆರೆದರು. ಅದರಲ್ಲಿ ಸ್ವಲ್ಪ ಮೆಚ್ಚುಗೆಯೂ ಇತ್ತು. ಸುದ್ದಿ ಕೇಳಿ ಬಂದ ಈಗಿನ ಹೆಡ್‌ಮಿಸ್, ಉಪಸಮಿತಿಯ ವರದಿ ಏನು ಮಾಡುವುದು ಎಂದು ಕೇಳಿದರು. ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲಿಡಿ ಎಂದರು ತಾತ.

ಮಧ್ಯಾಹ್ನಕ್ಕೆ ಎರಡೂ ಗೋಡೆಯಲ್ಲಿ ಕಿಟಕಿ ತೆರೆದುಕೊಂಡವು. ತಾತ ಜೇಬಿನಿಂದ ಒಂದು ನೂಲಿನ ಉಂಡೆ ತೆಗೆದರು. ಹೊಲಿಗೆ ಯಂತ್ರದ ಮೇಲೆ ಇದ್ದದ್ದೇ. ಒಂದೊಂದು ಗೇಣು ಹರಿದು ಕಿಟಕಿಯ ಚೌಕಟ್ಟಿಗೆ ಕಟ್ಟಿ ಇಳಿಬಿಟ್ಟರು. ಬೀದಿಯ ಕಡೆಯ ನೂಲು ಕೋಣೆಯೊಳಗೆ ವಾಲಿತು. ಅಂಗಳದ ಕಡೆಯದು ಹೊರಕ್ಕೆ ವಾಲಿತು. ಸಂಜೆ ಹನ್ನೊಂದು ಮನೆಯವರು ಬಂದು ಬಾಗಿಲಲ್ಲಿ ದೂರ ದೂರ ನಿಂತು ಆ ನೂಲನ್ನು ನೋಡಿದರು. ತಾತ ಭಾಷಣ ಮಾಡಲಿಲ್ಲ. ಇಷ್ಟು ದಿನ ತಮಗೆ ಗೊತ್ತಿದ್ದೂ ಹೇಳಲಿಲ್ಲ, ತಪ್ಪಾಯಿತು ಎಂದರು. ನೂಲು ವಾಲಿದರೆ ಗಾಳಿ ಇದೆ, ನೆಟ್ಟಗೆ ನಿಂತರೆ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಬನ್ನಿ ಎಂದು ಹೆಡ್‌ಮಿಸ್‌ಗೆ ಹೇಳಿದರು. ಮನೆಗೆ ಹೋಗಿ ಕಿವಿಯಿಂದ ಪೆನ್ನು ತೆಗೆದು ಮಗಳ ಕೈಗೆ ಕೊಟ್ಟರು.

ಸೋಮವಾರ ಬೆಳಿಗ್ಗೆ ಎದುರು ಮನೆಯವರಿಗೆ ಗಡಿಯಾರ ನೋಡುವ ಕೆಲಸ ತಪ್ಪಿತು. ಬೀದಿಯ ಕೊನೆಯ ತನಕ ಮಾತು ಕೇಳಿಸಿತು, ಮಾಸ್ಕಿನೊಳಗಿಂದಲೇ. ಈಗ ಆ ಮನೆಯಲ್ಲಿ ಹಗಲು ತಾತ ಒಬ್ಬರೇ. ಒಳಗಿನ ಕೋಣೆಯಲ್ಲಿ ಗುಂಡಿಗಳು ಡಬ್ಬಿಗೆ ಹೋಗಿವೆ. ಮಧ್ಯಾಹ್ನದ ಹೊತ್ತಿಗೆ ಅವರು ಒಂದು ಸಲ ಅತ್ತ ಕಿವಿಗೊಟ್ಟು, ಆಮೇಲೆ ಹೊರ ಜಗುಲಿಗೆ ಬಂದು ಕೂರುತ್ತಾರೆ.

ಓದುತ್ತಿರುವವರಿಗೆ, ಓದಿಸಿ ಕೇಳುತ್ತಿರುವವರಿಗೆ ಒಂದು ಮಾತು. ನಿಮ್ಮ ಶಾಲೆಯಿಂದಲೂ ಚೀಟಿ ಬಂದಿರಬಹುದು. ಅದನ್ನು ಡಬ್ಬಿಯ ಕೆಳಗೆ ಇಡಬೇಡಿ. ಹೆದರಿಕೆ ಇದ್ದರೆ ಹೆದರಿಕೆ ಇದೆ ಎಂದೇ ಹೇಳಿ, ನಿಮ್ಮ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಶಾಲೆಗೆ ಹೋಗಿ ಕೋಣೆ ನೋಡಿ, ಕಿಟಕಿಗೊಂದು ನೂಲು ಕಟ್ಟಿ. ನಿಮ್ಮ ಸರದಿ ಬಂದಾಗ ಲಸಿಕೆ ಹಾಕಿಸಿಕೊಳ್ಳಿ. ಮೈ ಬಿಸಿಯಾದ ಮಗುವನ್ನು ಮನೆಯಲ್ಲಿರಿಸಿಕೊಳ್ಳಿ. ಸದ್ದಿಲ್ಲದ ಮಗು ನಿಮ್ಮ ಮನೆಯಲ್ಲಿದ್ದರೆ, ಅದು ಒಂಟಿಯಾಗಿ ಆಡುವ ಆಟವನ್ನು ಒಮ್ಮೆ ಕೊನೆಯ ತನಕ ಕೇಳಿಸಿಕೊಳ್ಳಿ.

ನಾಲ್ಕನೇ ಕ್ಲಾಸು ಈಗ ವಾರಕ್ಕೆ ನಾಲ್ಕು ದಿನ ನಡೆಯುತ್ತಿದೆ. ಆರು ಕಿಟಕಿಗಳಲ್ಲಿ ಐದು ತೆರೆಯುತ್ತವೆ, ಆರನೆಯದರ ಸ್ಕ್ರೂ ತುಕ್ಕು ಹಿಡಿದಿದೆ. ಮೊದಲ ಸೋಮವಾರದ ಹಾಜರಿ ಇಪ್ಪತ್ತಾರು. ಇಬ್ಬರಿಗೆ ನೆಗಡಿ, ಮನೆಯಲ್ಲಿದ್ದರು. ಹತ್ತೊಂಬತ್ತು ಬಂದಿದ್ದಳು.