ತಪ್ಪಾಯಿತು, ಮೂರನೇ ಮಹಡಿಯವರೇ

ಹೆಸರು ಹಾಕದೆಯೇ ಬರೆದಿದ್ದೆವು. ಆದರೂ ಹ್ರೂಬೆಶ್ ಸಾಹೇಬರು ಪೇಪರ್ ಬೀಸುತ್ತ ನಮ್ಮ ಕಚೇರಿಗೆ ನುಗ್ಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ವರದಿ ನನ್ನದು. ನಾನು ಪ್ರಾಗ್‌ನವಳೇ, ಇಲ್ಲಿಗೆ ಬಂದು ನೆಲೆಸಿದ ಪರದೇಶದವರಿಗಾಗಿ ಹೊರಡುವ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಕೆಲಸ. ಝಿಜ್ಕೋವ್ ಬಡಾವಣೆಯ ಒಂದು ಕಟ್ಟಡದಲ್ಲಿ ಮಾಲೀಕರು ಜನವರಿಯ ಚಳಿಯಲ್ಲಿ ಎರಡು ಮಹಡಿಗಳ ಹೀಟರ್ ನಿಲ್ಲಿಸಿದ್ದಾರೆ, ಬಾಡಿಗೆಗಿರುವ ಪರದೇಶದವರು ತಾವಾಗಿಯೇ ಗಂಟುಮೂಟೆ ಕಟ್ಟಲಿ ಎಂದು. ಬರೆದದ್ದು ಇಷ್ಟೇ. ಆದರೆ ಆ ಮಾಲೀಕರೇ ಈ ಹ್ರೂಬೆಶ್; ನಮ್ಮ ಕೊನೆಯ ಪುಟದ ಜಾಹೀರಾತೂ ಅವರದೇ. ಅದು ಹೋದರೆ ಪತ್ರಿಕೆ ವಸಂತ ಕಾಣುವುದೂ ಅನುಮಾನ.

"ಎರಡು ಮಹಡಿ ಅಂತ ಬರ್ದಿದೀರಲ್ಲ, ಅದು ತಪ್ಪು! ತಿದ್ದುಪಡಿ ಹಾಕಿ. ಇಲ್ಲಾಂದ್ರೆ ನನ್ನ ಜಾಹೀರಾತು ಮರೆತ್ಬಿಡಿ."

ಸಂಪಾದಕಿ ನೊರೀನ್ ಐರ್ಲೆಂಡಿನವಳು, ಸುಲಭಕ್ಕೆ ದನಿ ಏರಿಸುವವಳಲ್ಲ. "ತಪ್ಪಿದ್ರೆ ಖಂಡಿತ ತಿದ್ತೀವಿ ಸ್ವಾಮಿ."

"ಮೊದಲನೇ ಪುಟದಲ್ಲಿ. ದಪ್ಪಕ್ಷರದಲ್ಲಿ."

"ಆಗ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಸಾಹೇಬರು ಗೆದ್ದ ಮುಖ ಮಾಡಿಕೊಂಡು ನನ್ನ ಕಡೆ ತಿರುಗಿದರು. "ನೋಡಮ್ಮ, ನೀನು ನಮ್ಮೋಳು. ಇವರಿಗೆ ಸ್ವಲ್ಪ ಬುದ್ಧಿ ಹೇಳು. ನೆಂಟರಾಗಿ ಬಂದೋರು ಹಾಕಿದ್ದು ಉಂಡ್ಕೊಂಡಿರ್ಬೇಕು, ಅಡುಗೆಮನೆ ಇಣುಕಬಾರ್ದು."

"ಬಾಡಿಗೆ ಕೊಡೋರನ್ನ ಯಾವತ್ತಿಂದ ನೆಂಟ್ರು ಅಂತಾರೆ?" ಎಂದೆ. ಅವರು ಬಾಗಿಲನ್ನು ಧಡಾರನೆ ಹಾಕಿಕೊಂಡು ಹೋದರು.

"ಅವನ ಕಾಲಿಗೆ ಬಿದ್ಯಲ್ಲ ನೊರೀನ್!"

"ಕೂಗಾಡ್ಬೇಡ ಕಣೇ ದ್ರಾಹಾ. ತಪ್ಪಿದೆ ಅಂತಿದಾನೆ, ಹೋಗಿ ಹುಡುಕು. ಈ ಸಲ ಒಂದು ಬಾಗಿಲೂ ಬಿಡದೆ ತಟ್ಟು."

ಮೊದಲ ಸಲ ನಾನು ಎರಡನೇ ಮಹಡಿಯಿಂದಲೇ ಹಿಂದಿರುಗಿದ್ದೆ. ಈಗ ಮೂರನೆಯದಕ್ಕೂ ಹತ್ತಿದೆ. ಫಿಲಿಪೀನ್ಸ್‌ನ ನರ್ಸ್ ಲಿಗಾಯಾ ಕೋಟು, ಉಲ್ಲನ್ ಟೋಪಿ ಹಾಕಿಕೊಂಡೇ ಬಾಗಿಲು ತೆಗೆದಳು. ಮಂಚದ ಮೇಲೆ ಮನೆಯಲ್ಲಿದ್ದ ಕಂಬಳಿಯೆಲ್ಲ ರಾಶಿ ಬಿದ್ದಿತ್ತು.

"ಈಗ ಬಂದ್ರಾ ತಾಯಿ? ಕೆಳಗಿನೋರದ್ದೆಲ್ಲ ಪೇಪರ್ನಲ್ಲಿ ಬಂತು, ನಮ್ಮನ್ನ ಮಾತ್ರ ಬಿಟ್ಬಿಟ್ರಿ. ನಮಗೇನು ಚಳಿ ಆಗಲ್ವಾ?"

ಗೋಡೆಯ ಹೀಟರ್ ಮುಟ್ಟಿ ನೋಡಿದೆ. ಕೈ ಮರಗಟ್ಟಿತು. ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ನಾಲ್ಕನೆಯದರಲ್ಲಿ ಸಾಹೇಬರ ಸ್ವಂತ ತಮ್ಮನ ಸಂಸಾರ; ಅಲ್ಲಿ ಮಕ್ಕಳು ಬನಿಯನ್ನಿನಲ್ಲಿ ಓಡಾಡುತ್ತಿದ್ದರು.

ಆ ವಾರ ಮೊದಲ ಪುಟದಲ್ಲಿ, ಸಾಹೇಬರು ಕೇಳಿದಂತೆಯೇ ದಪ್ಪಕ್ಷರದಲ್ಲಿ ಬಂತು:

"ತಿದ್ದುಪಡಿ. ಎರಡು ಮಹಡಿಗಳಿಗೆ ಹೀಟರ್ ಇಲ್ಲವೆಂದು ಬರೆದಿದ್ದೆವು. ಅದು ತಪ್ಪು. ಮೂರು ಮಹಡಿಗಳಿಗೆ ಇಲ್ಲ. ತಪ್ಪನ್ನು ತೋರಿಸಿಕೊಟ್ಟ ಕಟ್ಟಡದ ಮಾಲೀಕರಾದ ಶ್ರೀ ಹ್ರೂಬೆಶರಿಗೆ ಧನ್ಯವಾದ. ಮೂರನೇ ಮಹಡಿಯವರ ಕ್ಷಮೆ ಕೋರುತ್ತೇವೆ."

ಟ್ರಾಮಿನಲ್ಲಿ ಜನ ಅದನ್ನು ಒಬ್ಬರಿಗೊಬ್ಬರು ಓದಿ ಹೇಳಿ ನಕ್ಕರು. ಅದರ ಚೆಕ್ ಅನುವಾದ ಬಿಯರ್ ಅಂಗಡಿಗಳ ಗೋಡೆ ಹತ್ತಿತು. ಜಾಹೀರಾತು ಹೋಯಿತು. ಸಂಬಳ ಯಾವಾಗ ಎಂದು ನಾನು ಕೇಳಲಿಲ್ಲ, ನೊರೀನ್ ಹೇಳಲೂ ಇಲ್ಲ. ಆದರೆ ತಲೆ ತಗ್ಗಿಸುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ನಾಲ್ಕು ದಿನ ಬಿಟ್ಟು ಫೋನ್ ಬಂತು. ಸಾಹೇಬರ ಕೂಗು ನನ್ನ ಮೇಜಿನವರೆಗೂ ಕೇಳಿಸಿತು.

"ಈಗ ಎಲ್ಲಾ ಮಹಡೀಲೂ ಬಿಸಿ ಬರ್ತಿದೆ! ನೀವು ಹಾಕಿದ್ದು ಶುದ್ಧ ಸುಳ್ಳು! ತಿದ್ರೀ!"

"ತಿದ್ದದೆ ಇರ್ತೀವಾ ಸ್ವಾಮಿ?" ಎಂದಳು ನೊರೀನ್. "ಈ ಸಲ ಇನ್ನೂ ದೊಡ್ಡದಾಗೇ ಹಾಕ್ತೀವಿ. ಕೊನೇ ಪುಟ ಪೂರ್ತಿ ಖಾಲಿ ಇದೆ."