ಬಟ್ಟೆ ಮಡಚಲು ಬಾರದ ಟೀಚರಮ್ಮ

ಬೆಳಗಿನಿಂದ ಇಸ್ತ್ರಿ ಅಂಗಡಿಯ ಅಣ್ಣನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇಸ್ತ್ರಿಪೆಟ್ಟಿಗೆ ಎತ್ತುತ್ತಾನೆ, ಇಡುತ್ತಾನೆ, ಸುಮ್ಮನೆ ರಸ್ತೆ ನೋಡುತ್ತಾನೆ. ಮೂಲೆಯಲ್ಲಿ ಮಗಳು ಪುಟ್ಟಿ ಬಟ್ಟೆ ವಿಂಗಡಿಸುತ್ತಿದ್ದಾಳೆ. ಅವಳಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕಿದೆ. ಫೀಸು ಕಟ್ಟಲು ನಾಡಿದ್ದೇ ಕಡೆಯ ದಿನ. "ಓದಿದ್ದು ಸಾಕು, ಅಂಗಡಿ ನೋಡ್ಕೊ" ಎಂದು ನಿನ್ನೆ ಅಪ್ಪ ಹೇಳಿಬಿಟ್ಟ. ಆಗಿನಿಂದ ಅವಳು ಮಾತು ಬಿಟ್ಟಿದ್ದಾಳೆ. ಈ ಚಡಪಡಿಕೆಗೆ ಕಾರಣ ಅದೇ.

ಪಕ್ಕದ ಮನೆಯ ನರ್ಸಮ್ಮ ತನ್ನ ಬಿಳಿ ಕೋಟಿಗಾಗಿ ಬಂದಳು.

"ಅಣ್ಣಾ, ಟೀಚರಮ್ಮನ ನಿಧಿಗೆ ಪುಟ್ಟಿ ಅರ್ಜಿ ಹಾಕಿದ್ಲಾ? ಇವತ್ತು ಸಂಜೆವರೆಗೆ ಶಾಲೇಲಿ ತಗೊಳ್ತಾರೆ."

ಅಣ್ಣ ಮುಖ ಗಂಟು ಹಾಕಿದ. ಹೋದ ವರ್ಷ ಊರ ಶಾಲೆಯ ಟೀಚರಮ್ಮ ತೀರಿಕೊಂಡಾಗ ನರ್ಸಮ್ಮನಂಥ ಹಳೆಯ ವಿದ್ಯಾರ್ಥಿಗಳು, ಮಕ್ಕಳ ಹೆತ್ತವರು ಎಲ್ಲ ಸಭೆ ಸೇರಿ ವಿದ್ಯಾರ್ಥಿವೇತನ ನಿಧಿ ಶುರು ಮಾಡಿದ್ದರು. ಆ ಸಭೆಯಲ್ಲಿ ಜಗಳ ತೆಗೆದು ಎದ್ದು ಬಂದವನು ಇವನೊಬ್ಬನೇ.

"ಶಾಲೆ ಮುಂದೆ ಒಂದು ಮೂರ್ತಿ ನಿಲ್ಸಿ ಅಂದೆ. ಕೇಳಿದ್ರಾ? ಮೂರ್ತಿ ಆದ್ರೆ ಕಣ್ಣಿಗೆ ಕಾಣುತ್ತೆ. ನಿಧಿ ಯಾರ ಜೇಬಿಗೆ ಹೋಗುತ್ತೋ ಯಾರಿಗೆ ಗೊತ್ತು!"

"ಜೇಬಿಗೆ ಹೋಗೋಕೆ ದಾರಿನೇ ಇಲ್ಲ ಅಣ್ಣ. ಅಸಲು ಬ್ಯಾಂಕಲ್ಲಿ ಠೇವಣಿ. ಅದನ್ನ ಯಾರೂ ಮುಟ್ಟೋ ಹಾಗಿಲ್ಲ, ಬಡ್ಡೀಲಿ ಮಾತ್ರ ಫೀಸು. ಹೆಡ್‌ಮೇಷ್ಟ್ರು, ನಾನು, ಇಬ್ರೂ ಸಹಿ ಹಾಕಿದ್ರೇನೇ ದುಡ್ಡು ಹೊರಗೆ ಬರೋದು. ಅದೂ ಸೀದಾ ಕಾಲೇಜಿಗೆ. ವರ್ಷದ ಲೆಕ್ಕ ಶಾಲೆ ಗೋಡೆ ಮೇಲೆ ಅಂಟಿಸ್ತೀವಿ, ಬಂದು ನೋಡು."

"ಎಲ್ಲಾ ಸರಿ. ನಾವೇನು ಕೈ ಚಾಚೋರಾ?"

ಅವನು ಅತ್ತಿತ್ತ ಓಡಾಡತೊಡಗಿದ. ಅಷ್ಟರಲ್ಲಿ ಸುಟ್ಟ ವಾಸನೆ! ಕೋಟಿನ ಮೇಲೇ ಇಸ್ತ್ರಿಪೆಟ್ಟಿಗೆ ಮರೆತಿದ್ದ. ಪುಟ್ಟಿ ಓಡಿ ಬಂದು ಎತ್ತಿದಳು. ಜೇಬಿನ ಹತ್ತಿರ ಕಂದು ಕಲೆ ಉಳಿಯಿತು.

"ನೋಡು, ಜೇಬು ಸುಟ್ಟಿದ್ದು ನೀನೇ," ಎಂದು ನರ್ಸಮ್ಮ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಣ್ಣಾ, ರಜಾದಿನ ಟೀಚರಮ್ಮ ಇಲ್ಲಿಗೆ ಬಂದು ಏನು ಮಾಡ್ತಿದ್ರು?"

ಊರಿಗೇ ಗೊತ್ತಿದ್ದ ವಿಷಯ. ಕೆಲಸದ ನೆಪದಲ್ಲಿ ಯಾವ ಮಗು ಪಾಠ ತಪ್ಪಿಸಿದರೂ, ರಜಾದಿನ ಟೀಚರಮ್ಮ ಅದು ಕೆಲಸ ಮಾಡುವಲ್ಲಿಗೇ ಹೋಗುತ್ತಿದ್ದರು. ಬೈಯುತ್ತಿರಲಿಲ್ಲ. "ನೀನು ಹೋಗಿ ಓದ್ಕೊ, ನಿನ್ನ ಕೆಲಸ ನಾನು ಮಾಡ್ತೀನಿ" ಎಂದು ಮಗುವಿನ ಜಾಗದಲ್ಲಿ ಕೂತುಬಿಡುತ್ತಿದ್ದರು. ಪುಟ್ಟಿಯ ಬದಲು ಈ ಅಂಗಡಿಯಲ್ಲೂ ಕೂತು ಅಂಗಿ ಮಡಚಿದ್ದಾರೆ.

"ಅವರಿಗೆ ಮಡಚೋಕೆ ಎಲ್ಲಿ ಬರ್ತಿತ್ತು!" ಅಣ್ಣನಿಗೆ ನಗು ತಡೆಯಲಾಗಲಿಲ್ಲ. "ಒಂದು ತೋಳು ಒಳಗೆ, ಒಂದು ತೋಳು ಹೊರಗೆ. ಅವರು ಹೋದ್ಮೇಲೆ ಎಲ್ಲಾ ಬಿಚ್ಚಿ ಮತ್ತೆ ಮಡಚ್ತಿದ್ದೆ. ಪಾಪ, ಅವರಿಗೆ ಒಂದು ದಿನಾನೂ ಹೇಳ್ಲಿಲ್ಲ."

ನಿನ್ನೆಯಿಂದ ಸುಮ್ಮನಿದ್ದ ಪುಟ್ಟಿ ಬಾಯಿ ಬಿಟ್ಟಳು.

"ಅವರಿಗೆ ಗೊತ್ತಿತ್ತಪ್ಪ. 'ನಿಮ್ಮಪ್ಪನಿಗೆ ನನ್ನಿಂದ ಎರಡೆರಡು ಕೆಲಸ. ಆದ್ರೂ ಒಂದಿನ ಬೇಡ ಅನ್ಲಿಲ್ಲ. ನೀನು ಓದೋದು ಅವನಿಗೂ ಬೇಕು ಕಣೇ' ಅಂತಿದ್ರು."

ಅಣ್ಣ ಮಗಳ ಕಡೆ ತಿರುಗಿ ನೋಡಿದ.

"ಆಗ ಅದನ್ನ ಭಿಕ್ಷೆ ಅಂದ್ಕೊಂಡಿದ್ಯಾ?" ನರ್ಸಮ್ಮ ಕೇಳಿದಳು. "ಈ ನಿಧೀನೂ ಅಷ್ಟೇ ಅಣ್ಣ. ಅವರು ಇಲ್ಲ, ಅವರ ಬದಲು ನಾವು ಕೂರ್ತೀವಿ. ಕೇಳಿದೋರಿಗೆಲ್ಲ ಸಿಗುತ್ತೆ ಅಂತ ಹೇಳಲ್ಲ, ಮೇಷ್ಟ್ರುಗಳು ನೋಡಿ ಆರಿಸ್ತಾರೆ. ಕೇಳ್ದೇ ಇದ್ರೆ ಮಾತ್ರ ಖಂಡಿತ ಸಿಗಲ್ಲ."

ಅಣ್ಣ ಮಗಳ ಕೈಯಿಂದ ಅಂಗಿ ಕಿತ್ತುಕೊಂಡ.

"ಇನ್ನೂ ನಿಂತಿದ್ದೀಯಲ್ಲ! ಶಾಲೆ ಬಾಗಿಲು ಹಾಕ್ಬಿಟ್ರೆ? ಹೋಗು, ನಿನ್ನ ಕೆಲಸ ನಾನು ಮಾಡ್ತೀನಿ."

ಪುಟ್ಟಿ ಚಪ್ಪಲಿಯನ್ನೂ ಮರೆತು ಓಡಿದಳು.

ಮರುದಿನವೇ ಅವಳು ಆಯ್ಕೆಯಾದಳು, ಫೀಸು ಹೊತ್ತಿಗೆ ಸರಿಯಾಗಿ ಕಾಲೇಜು ಸೇರಿತು, ಈಗ ಅವಳು ಕಾಲೇಜಿಗೆ ಹೋಗುತ್ತಿದ್ದಾಳೆ. ಅಣ್ಣ ಪ್ರತಿ ಸೋಮವಾರದ ದುಡಿಮೆಯಲ್ಲಿ ಒಂದು ಪಾಲನ್ನು ನಿಧಿಗೆ ಕೊಡುತ್ತಾನೆ. ಗೋಡೆಯ ಮೇಲಿನ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಓದುವವನೂ ಅವನೇ, ಅನುಮಾನ ಅಷ್ಟು ಬೇಗ ಬಿಡುತ್ತದೆಯೇ!

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮನ್ನು ಕೈಹಿಡಿದು ಓದಿಸಿದವರೊಬ್ಬರು ಈಗ ನಿಮಗೂ ನೆನಪಾಗಿರಬೇಕು. ಅವರ ಹೆಸರಲ್ಲಿ ನಾಲ್ಕು ಜನ ಸೇರಿ ಒಂದು ನಿಧಿ ಶುರು ಮಾಡಿ. ಲೆಕ್ಕ ಎಲ್ಲರಿಗೂ ಕಾಣುವಂತೆ ಇಡಿ. ಇವತ್ತೂ ಯಾವುದೋ ಅಂಗಡಿಯಲ್ಲಿ ಒಂದು ಮಗು ಪಾಠ ಬಿಟ್ಟು ಕೂತಿದೆ. ಅದನ್ನು ಎಬ್ಬಿಸಿ ಕಳಿಸಿ, ಅದರ ಜಾಗದಲ್ಲಿ ನೀವು ಕೂರಿ. ಮಡಚಲು ಬರದಿದ್ದರೂ ಪರವಾಗಿಲ್ಲ.