ಮಿಸೆಸ್ ಇಮ್ರಿಯ ಸರದಿ

ಗುರುವಾರ ಬೆಳಗಿನ ಐದೂವರೆಗೆ ಇಷ್ಬೆಲ್ ರೆನ್ನಿ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಮಂಡಿಯೂರಿ ಕುಳಿತಿದ್ದಳು. ಪಕ್ಕದಲ್ಲಿ ಸೋಡಾ ಬೆರೆಸಿದ ಬಿಸಿನೀರಿನ ಬಕೆಟ್ಟು, ಕೈಯಲ್ಲಿ ಬ್ರಷ್ಷು. ಆ ವಾರ ಮೆಟ್ಟಿಲು ತೊಳೆಯುವ ಸರದಿ ಅವಳದಲ್ಲ, ಎದುರುಮನೆಯ ಮಿಸೆಸ್ ಇಮ್ರಿಯದು.

ಗ್ಲಾಸ್ಗೋದ ಆ ಕಲ್ಲುಕಟ್ಟಡದಲ್ಲಿ ಮಹಡಿಗೆ ಎರಡೆರಡು ಮನೆ. ಒಂದು ವಾರ ಇವರು, ಇನ್ನೊಂದು ವಾರ ಅವರು ತಮ್ಮ ಪಾಲಿನ ಮೆಟ್ಟಿಲು ತೊಳೆದು, ವಾರ ಮುಗಿದಾಗ ‘ಈ ವಾರ ಸರದಿ ನಿಮ್ಮದು’ ಎಂದು ಬರೆದ ರಟ್ಟನ್ನು ಎದುರುಬಾಗಿಲ ಹಿಡಿಗೆ ತೂಗುಹಾಕಬೇಕು. ರಟ್ಟು ತೂಗುಹಾಕಿದಲ್ಲೇ ಉಳಿದು ಮೆಟ್ಟಿಲು ಕೊಳೆಯಾಯಿತೆಂದರೆ ಆ ಮನೆಯಲ್ಲಿ ಯಾರೂ ಇಲ್ಲವೆಂದು ಊರಿಗೇ ಸಾರಿದಂತೆ. ಮಿಸೆಸ್ ಇಮ್ರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿ ಹದಿನಾಲ್ಕು ವಾರವಾಗಿತ್ತು. ಹಳೆಯ ಬಾಡಿಗೆದಾರರನ್ನು ಹೊರಗೆ ಹಾಕಲು ಕಾನೂನು ಒಪ್ಪುತ್ತಿರಲಿಲ್ಲ, ನಿಜ. ಆದರೆ ಅವರಾಗಿಯೇ ಬಿಟ್ಟುಹೋಗಿದ್ದಾರೆಂದು ತೋರಿಸಿಕೊಟ್ಟರೆ ಮಾಲೀಕರಿಗೆ ಅಷ್ಟೇ ಸಾಕು. ಅದಕ್ಕೇ ಇಷ್ಬೆಲ್ ಒಂದು ವಾರ ತನ್ನ ಸರದಿಯನ್ನೂ ಮರುವಾರ ಇಮ್ರಿಯ ಸರದಿಯನ್ನೂ ತಾನೇ ಮಾಡುತ್ತ ಬಂದಿದ್ದಳು. ಎದುರುಬಾಗಿಲ ಹಿತ್ತಾಳೆಯ ಹೆಸರಿನ ಫಲಕವನ್ನೂ ಉಜ್ಜಿ ಹೊಳಪಿಡುತ್ತಿದ್ದಳು.

ತೊಳೆದಾದ ಮೇಲೆ ಮೆಟ್ಟಿಲ ಅಂಚಿಗೆ ಬಿಳಿಮಣ್ಣಿನಿಂದ ಎಳೆ ಎಳೆಯಬೇಕು. ಇಮ್ರಿಯವು ದೊಡ್ಡ ದೊಡ್ಡ ಸುರುಳಿಗಳು, ಒಂದರೊಳಗೊಂದು ನುಗ್ಗಿ ಆಟವಾಡುವಂಥವು. ಇಷ್ಬೆಲ್ ಎಷ್ಟು ಯತ್ನಿಸಿದರೂ ಅವಳ ಕೈಯಿಂದ ಶಾಲೆಯ ಕಾಪಿಪುಸ್ತಕದ ಅಕ್ಷರಗಳಂತೆ ಶಿಸ್ತಾದ ಸಣ್ಣ ಸುರುಳಿಗಳೇ ಬರುತ್ತಿದ್ದವು.

ಎರಡೂ ಮನೆಯ ಅಡುಗೆಮನೆಗಳಿಗೆ ನಡುವಿನ ಗೋಡೆ ಒಂದೇ. ಹತ್ತೊಂಬತ್ತು ವರ್ಷಗಳಿಂದ, ಗೋಡೆಯಾಚೆ ಇಮ್ರಿ ಒಲೆಯ ಕೆಂಡ ಕೆದಕುವ ಸದ್ದು ಕೇಳಿದ ಮೇಲೆಯೇ ಇಷ್ಬೆಲ್ ಸಂಜೆಯ ಚಹಾಕ್ಕೆ ನೀರಿಡುತ್ತಿದ್ದಳು. ಈಗ ನೀರು ಯಾವಾಗ ಇಡಬೇಕೆಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಇಷ್ಬೆಲ್ ಕೆಲಸ ಮಾಡುತ್ತಿದ್ದುದು ನಿಘಂಟು ಅಚ್ಚುಹಾಕುವ ಒಂದು ಪ್ರಕಾಶನದಲ್ಲಿ. ಅಲ್ಲಿ ಸಿದ್ಧವಾಗುತ್ತಿದ್ದ ಇಂಗ್ಲಿಷ್ ಸಮಾನಾರ್ಥಕಗಳ ಗ್ರಂಥ ಮೂವತ್ತು ವರ್ಷಗಳಲ್ಲಿ ಕೊನೆಯ ಅಕ್ಷರಗಳ ಹತ್ತಿರ ಬಂದಿತ್ತು. ಅವಳ ಮೇಜಿನ ಮೇಲೆ ಈಗ ‘ವೇಕೇಟ್’ ಎಂಬ ಕ್ರಿಯಾಪದದ ಚೀಟಿಗಳ ಕಟ್ಟು. ಬಿಡು, ಖಾಲಿ ಮಾಡು, ತೆರವು ಮಾಡು, ತ್ಯಜಿಸು; ಆಮೇಲೆ ನ್ಯಾಯಾಲಯದ ಅರ್ಥ, ಕೊಟ್ಟ ಆದೇಶವನ್ನು ರದ್ದು ಮಾಡಿ ಇಲ್ಲವೆನಿಸುವುದು. ಎರಡು ಪದಗಳ ಅರ್ಥ ಒಂದೇ ಎಂದು ಬರೆಯುವಂತಿಲ್ಲ. ಒಂದು ಹೊಂದಿ ಇನ್ನೊಂದು ಹೊಂದದ ವಾಕ್ಯವನ್ನು ಹುಡುಕಿ ತೋರಿಸಬೇಕು. ಇದು ಸಂಪಾದಕ ಟಲಕ್ ಅವರ ಕಟ್ಟಪ್ಪಣೆ.

“ಮಿಸ್ ರೆನ್ನಿ, ಈ ಪದಕ್ಕೆ ಮೂರು ವಾರ ಆಯ್ತು,” ಎಂದರು ಟಲಕ್. “ನಂಗೆ ನಿವೃತ್ತಿ ಆಗೋದ್ರೊಳಗೆ ಮುಗಿಯುತ್ತಾ?”

“ಬಿಡೋದಕ್ಕೂ ಖಾಲಿ ಮಾಡೋದಕ್ಕೂ ಗಡಿ ಸಿಗ್ತಿಲ್ಲ ಸರ್.”

“ಅದೇನು ಕಷ್ಟ? ನಾನು ಬೆಳಿಗ್ಗೆ ಮನೆ ಬಿಟ್ಟು ಬಂದೆ, ಖಾಲಿ ಮಾಡಿ ಬಂದಿಲ್ಲ. ನನ್ನ ಹೆಂಡತಿಗೆ ಹಾಗಾದ್ರೆ ಸಂತೋಷವೇ ಆಗ್ತಿತ್ತೇನೋ, ಆ ಮಾತು ಬೇರೆ. ವಾಪಸ್ ಹೋಗೋ ಮನಸ್ಸಿದೆಯಾ ಇಲ್ವಾ, ಅಷ್ಟನ್ನೇ ನೋಡಿ.”

ಅವಳು ಚೀಟಿಯ ಮೇಲೆ ಬರೆದುಕೊಂಡಳು: ಹಿಂತಿರುಗುವ ಮನಸ್ಸಿಲ್ಲದೆ ಜಾಗವನ್ನು ಬಿಡುವುದು. ಬರೆದ ಮೇಲೆ ತುಸು ಹೊತ್ತು ಅದನ್ನೇ ನೋಡುತ್ತ ಕುಳಿತಳು. ಟಲಕ್ ಒಲೆಯ ಹತ್ತಿರವಿದ್ದ ತಮ್ಮ ಕುರ್ಚಿಯನ್ನು ಅವಳ ಕಡೆಗೆ ಸರಿಸಿ, ತಾವು ಕಿಟಕಿಯ ಬಳಿಯ ಚಳಿಯಲ್ಲಿ ಹೋಗಿ ಕುಳಿತರು.

ಶನಿವಾರ ಮಧ್ಯಾಹ್ನ ಮನೆಮಾಲೀಕರ ಪರವಾಗಿ ಬಾಡಿಗೆ ನೋಡಿಕೊಳ್ಳುವ ಹ್ಯಾಡೋ ಬಂದ. ಇಷ್ಬೆಲ್ ಬಾಗಿಲು ತೆರೆಯುವಷ್ಟರಲ್ಲಿ ಅವನು ಮೆಟ್ಟಿಲ ಮೇಲೆ ಬಗ್ಗಿ ಬಿಳಿ ಎಳೆಗಳನ್ನು ನೋಡುತ್ತಿದ್ದ. ಕೆಳಮನೆಯ ಮಿಸೆಸ್ ಪರ್ಡಿ ಕೈಯಲ್ಲಿ ಆಲೂಗಡ್ಡೆ ಹಿಡಿದುಕೊಂಡೇ ಮೇಲೆ ಬಂದಿದ್ದಳು.

“ಮಿಸೆಸ್ ಇಮ್ರಿ ಮನೆಯಲ್ಲಿದ್ದಾರಾ?” ಎಂದು ಹ್ಯಾಡೋ ಕೇಳಿದ.

“ಈಗ ಇಲ್ಲ,” ಎಂದಳು ಇಷ್ಬೆಲ್. ಅದಕ್ಕಿಂತ ದೊಡ್ಡ ಸುಳ್ಳು ಅವಳಿಂದ ಆಗದು.

“ಈ ವಾರ ಅವರ ಸರದಿ ಅಂತ ರಟ್ಟು ಹೇಳ್ತಿದೆ. ಹೋದ ವಾರ ನಿಮ್ಮದು. ಹೋದ ವಾರ ಈ ಕಡೆ ಬಂದಾಗ್ಲೂ ಇದೇ ಸುರುಳಿ ನೋಡಿದ್ದೆ.” ಅವನು ಪರ್ಡಿಯತ್ತ ತಿರುಗಿದ. “ಇದು ಯಾರ ಕೈ ಅಮ್ಮಾ?”

“ನಾನು ಕೆಳಗಿನೋಳಪ್ಪ, ಮೇಲಿನ ಮೆಟ್ಟಿಲ ಸುದ್ದಿ ನಂಗ್ಯಾಕೆ? ವಯಸ್ಸಾದ್ಮೇಲೆ ಕೈ ಸಣ್ಣಗಾಗುತ್ತೆ. ನಿನ್ನ ಟೋಪಿ ದೊಡ್ಡದಾಗ್ತಾ ಬಂದಿಲ್ವಾ, ಹಾಗೆ.”

ಹ್ಯಾಡೋ ನಕ್ಕುಬಿಟ್ಟ. “ನನ್ನಮ್ಮನೂ ಮೂವತ್ತು ವರ್ಷ ಮೆಟ್ಟಿಲು ತೊಳೆದೋಳೇ. ಒಬ್ಬರ ಎಳೆ ಇನ್ನೊಬ್ಬರದ್ದಲ್ಲ ಅಂತ ನಂಗೆ ಕಲಿಸಿಕೊಟ್ಟೋಳೂ ಅವಳೇ.” ಆಮೇಲೆ ದನಿ ತಗ್ಗಿಸಿ ಒಂದು ಕಾಗದ ಚಾಚಿದ. “ನೋಡಿ ಮಿಸ್ ರೆನ್ನಿ, ಮೆಟ್ಟಿಲು ಯಾರು ತೊಳೆದ್ರೂ ನಂಗೇನೂ ಇಲ್ಲ. ವಾಪಸ್ ಬಂದೇ ಬರ್ತೀನಿ ಅಂತ ಇದರಲ್ಲಿ ಅವರ ಕೈಲಿ ಒಂದು ಸಹಿ ಹಾಕ್ಸಿ. ಶುಕ್ರವಾರದೊಳಗೆ ಕಾಗದ ಬಂದ್ರೆ ಆ ಮನೆ ಅವರದ್ದೇ. ಬರದಿದ್ರೆ ನನ್ನ ಕೈಲಿ ಏನೂ ಇಲ್ಲ.”

ಅವನು ಹೋದ ಮೇಲೆ ಇಷ್ಬೆಲ್ ಮೆಲ್ಲಗೆ ಕೇಳಿದಳು: “ನಿಮ್ಗೆಲ್ಲ ಗೊತ್ತಿತ್ತಾ?”

“ಮೊದಲನೇ ವಾರಾನೇ,” ಎಂದಳು ಪರ್ಡಿ. “ಇಡೀ ಕಟ್ಟಡಕ್ಕೇ ಗೊತ್ತು. ಇಮ್ರಿ ಮೂಲೆ ಬಿಟ್ಟು ತೊಳೀತಿದ್ಲು, ನೀವು ಮೂಲೇನೂ ಉಜ್ಜಿದ್ರಿ. ಸಿಕ್ಕಿಬೀಳದೆ ಇನ್ನೇನು?”

ಭಾನುವಾರ ಭೇಟಿಯ ಹೊತ್ತಿಗೆ ಇಷ್ಬೆಲ್ ಓಟ್ಸ್ ಬಿಸ್ಕತ್ತಿನ ಡಬ್ಬಿ ಮತ್ತು ಆ ಕಾಗದ ಹಿಡಿದು ಆಸ್ಪತ್ರೆಗೆ ಹೋದಳು. ಮಿಸೆಸ್ ಇಮ್ರಿ ದಿಂಬಿಗೊರಗಿ ಕುಳಿತಿದ್ದಳು. ಎಪ್ಪತ್ತನಾಲ್ಕರ ಆ ಮುದುಕಿಯ ಕಣ್ಣಿಗೆ ಐವತ್ತಮೂರರ ಇಷ್ಬೆಲ್ ಯಾವಾಗಲೂ ಹುಡುಗಿಯೇ.

“ಬಾ ಹುಡುಗಿ. ನಿನ್ನ ಆ ಪದ ಮುಗೀತಾ?”

“ಇನ್ನೂ ಇಲ್ಲ.”

“ಒಂದು ಪದ ಬಿಡ್ಸೋಕೆ ಇಷ್ಟು ದಿನಾನಾ? ನಿಂಗೆ ಬಟಾಣಿ ಬಿಡ್ಸೋ ಕೆಲಸ ಕೊಟ್ಟಿದ್ರೆ ಊರೇ ಉಪವಾಸ ಬೀಳ್ತಿತ್ತು.”

ಇಷ್ಬೆಲ್ ಕಾಗದ ಬಿಚ್ಚಿ ಹಾಸಿಗೆಯ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟಳು. “ಇಲ್ಲೊಂದು ಸಹಿ ಹಾಕಿ. ವಾಪಸ್ ಬರ್ತೀನಿ ಅಂತ, ಅಷ್ಟೇ. ನಾಳೆ ನಾನೇ ತಲುಪಿಸ್ತೀನಿ.”

ಮಿಸೆಸ್ ಇಮ್ರಿ ಓದಿದಳು. ಮತ್ತೊಮ್ಮೆ ಓದಿದಳು. ಪೆನ್ನನ್ನು ಹೊದಿಕೆಯ ಮೇಲಿಟ್ಟು, ಪಕ್ಕದ ಖಾನೆ ಎಳೆದು, ಬೈಬಲ್ಲಿನ ಕೆಳಗಿನಿಂದ ಒಂದು ಲಕೋಟೆ ತೆಗೆದಳು. ಅದರ ಮೇಲೆ ಹ್ಯಾಡೋನ ಕಚೇರಿಯ ವಿಳಾಸವಿತ್ತು. ಅಂಚೆಚೀಟಿಯನ್ನೂ ಅಂಟಿಸಿಯಾಗಿತ್ತು.

“ಮನೆ ಬಿಡ್ತೀನಿ ಅಂತ ಇದು ಬರೆದು ಮೂರು ವಾರ ಆಯ್ತು,” ಎಂದಳು. “ಎಪ್ಪತ್ತೆರಡು ಮೆಟ್ಟಿಲು ಕಣೇ ಅವು. ಎಣಿಸಿದ್ದೀನಿ. ಈ ಸೊಂಟ ಇನ್ನು ಏಳನ್ನೂ ಹತ್ತಲ್ಲ ಅಂತ ಡಾಕ್ಟರು ಹೇಳಿದ್ರು. ಸಮುದ್ರದಾಚೆ ರಾಥ್‌ಸೇಯಲ್ಲಿ ತಂಗಿ ಮನೆ ಇದೆಯಲ್ಲ, ನೆಲದ ಮಟ್ಟದ್ದು. ಅಲ್ಲಿಗೆ ಹೋಗ್ತೀನಿ.”

“ಯಾಕೆ ಹೇಳ್ಲಿಲ್ಲ?”

“ಹೇಗೆ ಹೇಳ್ಲಿ? ಪ್ರತಿ ಭಾನುವಾರ ಬರ್ತೀಯ. ಫಲಕ ಹೊಳೀತಿದೆ, ಮೆಟ್ಟಿಲು ಸ್ವಚ್ಛವಾಗಿದೆ ಅಂತೀಯ. ಯಾರು ತೊಳೀತಾರೆ ಅಂತ ಹೇಳಲ್ಲ. ಪರ್ಡಿ ಬಂದು ಹೇಳಿದ್ಲು. ಪ್ರತಿ ಸಲ ಇದನ್ನ ಹೊರಗೆ ತೆಗೀತೀನಿ, ನಿನ್ನ ಕೈ ನೋಡ್ತೀನಿ, ಮತ್ತೆ ಒಳಗಿಡ್ತೀನಿ.”

ಇಷ್ಬೆಲ್ ಕೈಗಳನ್ನು ಮಡಿಲಲ್ಲಿ ಅಡಗಿಸಿಕೊಂಡಳು. ಸೋಡಾಕ್ಕೆ ಬೆರಳ ಗೆಣ್ಣುಗಳೆಲ್ಲ ಕೆಂಪಗೆ ಬಿರಿದಿದ್ದವು. ವಾಪಸ್ ಹೋಗುವ ಮನಸ್ಸಿದೆಯೇ ನೋಡಿ ಎಂದಿದ್ದರು ಟಲಕ್. ಹದಿನಾಲ್ಕು ವಾರ ಇನ್ನೊಬ್ಬರ ಮನೆಯನ್ನು ಕಾದವಳು, ಆ ಇನ್ನೊಬ್ಬರನ್ನು ಒಂದೇ ಒಂದು ಸಲ ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಭಯ ತನಗಿತ್ತು ಎಂದು ಈಗ ಅವಳಿಗೆ ಗೊತ್ತಾಯಿತು.

“ಬೇಡ ಅಂದ್ರೆ ಹರಿದು ಹಾಕ್ತೀನಿ,” ಎಂದಳು ಮಿಸೆಸ್ ಇಮ್ರಿ ಕಿಟಕಿಯ ಕಡೆ ನೋಡುತ್ತ. “ನಿನ್ನ ಕಾಗದಕ್ಕೇ ಸಹಿ ಹಾಕ್ತೀನಿ. ಮನೆ ಇರಲಿ ಬಿಡು, ಪಾಪ.”

ಆ ಮಾತು ಹೃದಯಪೂರ್ವಕವಾಗಿಯೇ ಬಂದದ್ದೆಂದು ಇಷ್ಬೆಲ್‌ಗೆ ತಿಳಿದಿತ್ತು. ಸಹಿ ಮಾಡಿಸಿಕೊಂಡರೆ ಬಾಗಿಲ ಮೇಲೆ ಹೆಸರು ಉಳಿಯುತ್ತದೆ. ಗೋಡೆಯಾಚೆ ಮಾತ್ರ ಏನೂ ಕೇಳಿಸುವುದಿಲ್ಲ. ಆ ಖಾಲಿ ಮನೆ ಸಿಗದೆ ಮಕ್ಕಳಿರುವ ಯಾವುದೋ ಸಂಸಾರ ಇನ್ನೆಲ್ಲೋ ಒಂದೇ ಕೋಣೆಯ ಇಕ್ಕಟ್ಟಿನಲ್ಲಿ ಉಳಿಯುತ್ತದೆ. ಈ ಮುದುಕಿ ತಂಗಿಯ ಮನೆಯಲ್ಲಿ ಕುಳಿತು, ತಾನು ಆಡಿದ ಸುಳ್ಳಿನ ಚಿಂತೆ ಮಾಡುತ್ತಿರುತ್ತಾಳೆ.

ಅವಳು ತಾನು ತಂದ ಕಾಗದವನ್ನು ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು. ಲಕೋಟೆಯನ್ನು ತೆಗೆದುಕೊಂಡಳು.

“ಗೇಟಿನ ಹತ್ತಿರ ಅಂಚೆಪೆಟ್ಟಿಗೆ ಇದೆ,” ಎಂದಳು. “ಹೋಗ್ತಾ ಹಾಕ್ತೀನಿ.”

“ಬೇಸಿಗೆಯಲ್ಲಿ ಹಡಗು ಹತ್ತಿ ಬಾ. ಸಮುದ್ರ ತೋರಿಸ್ತೀನಿ. ನೋಡೋಕೆ ಅಲ್ಲಿ ಇನ್ನೇನೂ ಇಲ್ಲ.”

“ಬರ್ತೀನಿ.”

ಮಿಸೆಸ್ ಇಮ್ರಿ ಅವಳ ಬಿರಿದ ಕೈಯನ್ನು ಮಡಿಲಿನಿಂದ ಎಳೆದುಕೊಂಡು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ಹತ್ತೊಂಬತ್ತು ವರ್ಷ ಎದುರುಬದುರು ಇದ್ದವರು ಒಬ್ಬರ ಕೈಯನ್ನೊಬ್ಬರು ಹಿಡಿದಿರಲಿಲ್ಲ. ಅದು ಆ ಕಟ್ಟಡದ ರೂಢಿಯಲ್ಲ. ಸ್ವಲ್ಪ ಹೊತ್ತಿಗೆ ಮುದುಕಿಯ ಕಣ್ಣು ಮುಚ್ಚಿತು, ಹಿಡಿತ ಸಡಿಲವಾಗಲಿಲ್ಲ.

ಭೇಟಿ ಮುಗಿಯಿತೆಂದು ಗಂಟೆ ಹೊಡೆಯಿತು. ಕುರ್ಚಿಗಳು ಸರಿದವು, ಜನ ಕೋಟು ಹಾಕಿಕೊಂಡು ಹೊರಟರು. ನರ್ಸ್ ಒಂದೊಂದೇ ಮಂಚ ದಾಟುತ್ತ ಬಂದಳು. ಇವರಿಬ್ಬರನ್ನು ನೋಡಿ ನಿಂತು, ಗೋಡೆಯ ಗಡಿಯಾರದತ್ತ ಕಣ್ಣು ಹಾಯಿಸಿ, ಇವರನ್ನು ಹಾಗೆಯೇ ಬಿಟ್ಟು ಮುಂದಿನ ಮಂಚಕ್ಕೆ ನಡೆದಳು.